ಕೆಂಚನಿಗೆ ಕೊಟ್ಟ ಸ್ಟ್ರಾಬೆರಿ

2013ನೇ ಇಸವಿ ಮಾರ್ಚ್ ತಿಂಗಳ ಕೊನೆಯ ಶನಿವಾರ. ಬೆಳಿಗ್ಗೆ ಹತ್ತೂವರೆ ಗಂಟೆಗೆ ನಾನು ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಹಿಂಭಾಗದಲ್ಲಿ, ಶೀಟು ಹೊದಿಸಿದ ಒಂದು ಕೊಟ್ಟಿಗೆಯಲ್ಲಿ, ಕಪ್ಪುಬಿಳುಪು ಸೀಮೆಹಸುವೊಂದರ ಹಿಂದೆ ನಿಂತಿದ್ದೆ. ಎಡಗೈಗೆ ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಇತ್ತು. ಹಸು ಗಬ್ಬವಾಗಿದೆಯೇ ಎಂದು ನೋಡಲು ಆ ಕೈಯನ್ನು ಮೊಣಕೈ ದಾಟಿ ಅದರ ಒಳಗೆ ಇಳಿಸಿದ್ದೆ. ಬಲಗೈಯಲ್ಲಿ ಬಾಲ ಹಿಡಿದಿದ್ದೆ. ಫೋನು ಬಂದಾಗ ನನ್ನ ಸಹಾಯಕ ಷಬ್ಬೀರ್ ಅದನ್ನು ನನ್ನ ಜೇಬಿನಿಂದ ತೆಗೆದು, ಸ್ಪೀಕರ್ ಹಾಕಿ, ಕಿವಿಯ ಹತ್ತಿರ ಹಿಡಿದರು. ಮಾತು ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಎಲ್ಲಿ ನಿಂತಿದ್ದೆ, ಕೈ ಎಲ್ಲಿತ್ತು ಎಂಬುದನ್ನೆಲ್ಲ ಮೊದಲೇ ಬರೆಯುತ್ತಿರುವುದು ನೆಪ ಹೇಳಲಿಕ್ಕಲ್ಲ. ಆ ಒಂದು ನಿಮಿಷದಲ್ಲಿ ನಾನು ಕೊಟ್ಟ ಉತ್ತರದಿಂದ ಒಂದು ನಾಯಿ ಸತ್ತಿತು. ಅದು ಸಾಯುವವರೆಗೆ, ಸತ್ತ ಮೇಲೂ ಸ್ವಲ್ಪ ಹೊತ್ತು, ನನ್ನ ತಪ್ಪನ್ನು ಇನ್ನೊಬ್ಬರು ಹೊತ್ತುಕೊಂಡಿದ್ದರು. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಪಶುವೈದ್ಯ. 2004ರಿಂದ ದೊಡ್ಡನೆಕ್ಕುಂದಿಯಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿದ್ದೆ. ಶುರುವಿನಲ್ಲಿ ದಿನಕ್ಕೆ ಹತ್ತು ಹಸು, ಎರಡು ನಾಯಿ ನೋಡುತ್ತಿದ್ದೆ. ಊರಿನವರು ಹೊಲಗಳಲ್ಲಿ ಬಾಡಿಗೆ ಮನೆ ಕಟ್ಟಿಸುತ್ತಾ ಹೋದಂತೆ ಲೆಕ್ಕ ತಿರುಗಿತು. ಪಿಳ್ಳಪ್ಪನವರು ಊರಿನ ಹಳೆಯ ಮನೆತನದವರಲ್ಲಿ ಒಬ್ಬರು. ಆಗ ಅವರಿಗೆ ಅರವತ್ತೆಂಟು ವರ್ಷ, ಹೆಂಡತಿ ತೀರಿಕೊಂಡಿದ್ದರು. ಮೂರಂತಸ್ತಿನ ಮನೆಯ ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆಯವರು, ಕೆಳಗೆ ಇವರು, ಮಗ, ಸೊಸೆ. ಮಗ ಕಂಪನಿಗಳಿಗೆ ವ್ಯಾನ್ ಓಡಿಸುತ್ತಾ ಹೆಚ್ಚು ಹೊತ್ತು ಹೊರಗೇ ಇರುತ್ತಿದ್ದರು. ಸೊಸೆ ಮಂಜುಳಾ ವೈಟ್‌ಫೀಲ್ಡಿನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತಿದ್ದರು.

ನಾಯಿಯ ಹೆಸರು ಕೆಂಚ. ಕೆಂಪು ಮೈಯ, ಮಡಿಸಿದ ಕಿವಿಯ ನಾಡನಾಯಿ. ಮರಿಯಾಗಿದ್ದಾಗ ಮೊದಲ ಚುಚ್ಚುಮದ್ದು ಹಾಕಿದವನು ನಾನೇ.

ಪಿಳ್ಳಪ್ಪನವರ ಮನೆದೇವರು ಭೈರವ. ಭೈರವನ ವಾಹನ ನಾಯಿ. ಹಾಗಾಗಿ ಆ ಮನೆಯಲ್ಲಿ ಊಟಕ್ಕೆ ಕೂತ ಯಜಮಾನ ಮೊದಲ ತುತ್ತನ್ನು ನಾಯಿಗೆ ಇಟ್ಟು ಆಮೇಲೆ ತಾನು ತಿನ್ನಬೇಕು. ಭಾನುವಾರ ಆ ತುತ್ತು ಸಿಹಿಯದಾಗಿರಬೇಕು. ಇದು ಅವರ ತಾತನ ಕಾಲದಿಂದ ನಡೆದು ಬಂದದ್ದು. ಭಾನುವಾರಕ್ಕೊಂದು ಚೂರು ಸಿಹಿ ಎಂದಿದ್ದರೆ ನಾನೇನೂ ಹೇಳುತ್ತಿರಲಿಲ್ಲ. ಆದರೆ ಪಿಳ್ಳಪ್ಪನವರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಅವರ ಪಾಲಿನ ಹೋಳಿಗೆ, ಮೈಸೂರುಪಾಕು ಎಲ್ಲವೂ ಕೆಂಚನ ಪಾಲಾಯಿತು. 2012ರ ನವೆಂಬರಿನಲ್ಲಿ ತೂಗಿದಾಗ ಹದಿನೆಂಟು ಕೆಜಿ ಇರಬೇಕಾದ ನಾಯಿ ಇಪ್ಪತ್ತೆರಡೂವರೆ ಇತ್ತು. ಹಲ್ಲು ಹಾಳಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು.

“ಇನ್ನು ಸಕ್ಕರೆ, ಬೆಲ್ಲ ಯಾವುದೂ ಕೂಡದು,” ಎಂದೆ.

“ಅಂಗಂದ್ರೆ ಎಂಗೆ ಡಾಕ್ಟ್ರೇ? ಭಾನುವಾರ ಸ್ವಾಮಿಗೆ ಏನಿಕ್ಲಿ? ಉಪ್ಪಿನಕಾಯಾ?”

ಮಂಜುಳಾ ಆಗ ಕೇಳಿದರು. “ಸಾರ್, ನಮ್ಮ ಅಂಗಡೀಲಿ ಸ್ಟ್ರಾಬೆರಿ ಬರುತ್ತೆ. ಹಣ್ಣು ಕೊಡಬಹುದಾ?”

ಕೊಡಬಹುದು ಎಂದೆ. ಆ ಮಾತು ಸರಿಯಾಗಿಯೇ ಇತ್ತು, ಇವತ್ತೂ ಅದನ್ನೇ ಹೇಳುತ್ತೇನೆ. ಸ್ಟ್ರಾಬೆರಿ ನಾಯಿಗೆ ವಿಷವಲ್ಲ. ನೀರಿನಂಶ, ನಾರಿನಂಶ ಹೆಚ್ಚು, ಸಿಹಿ ಕಡಿಮೆ. ಆದರೆ ಚೆನ್ನಾಗಿ ತೊಳೆಯಬೇಕು, ಆ ಹಣ್ಣಿಗೆ ಔಷಧಿ ಹೊಡೆದಿರುತ್ತಾರೆ. ತೊಟ್ಟು, ಎಲೆ ಕಿತ್ತು ಹಾಕಬೇಕು. ಇಡೀ ಹಣ್ಣು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಆದ್ದರಿಂದ ನಾಲ್ಕು ಹೋಳು ಮಾಡಬೇಕು. ಎರಡು ಹಣ್ಣು, ವಾರಕ್ಕೆ ಒಂದು ಸಲ ಅಥವಾ ಎರಡು ಸಲ, ಅಷ್ಟೇ. ಹೆಚ್ಚಾದರೆ ಭೇದಿ. ಇಷ್ಟನ್ನೂ ಕ್ಲಿನಿಕ್ಕಿನ ಚೀಟಿಯಲ್ಲಿ ಬರೆದು, ಕೆಳಗೆ “ಸಕ್ಕರೆ ಬೇಡ” ಎಂದು ಎರಡು ಗೆರೆ ಎಳೆದು ಕೊಟ್ಟೆ. ಹಣ್ಣು ಹಣ್ಣಾಗಿಯೇ ಇರಬೇಕು, ಡಬ್ಬಿಯದು ಬಾಟ್ಲಿಯದು ಬೇಡ ಎಂದು ಬರೆಯಲಿಲ್ಲ. ಹೊಳೆಯಲಿಲ್ಲ.

“ರಾಗಿಮುದ್ದೆ ತಿನ್ನೋ ನಾಯಿಗೆ ಸ್ಟ್ರಾಬೆರಿ!” ಎಂದು ಪಿಳ್ಳಪ್ಪ ನಕ್ಕರು. “ನಮ್ ಕೆಂಚನೂ ಐಟಿನೋನಾಗೋದ.”

“ಮುಂದಿನ ತಿಂಗಳು ಕತ್ತಿಗೆ ಐಡಿ ಕಾರ್ಡ್ ಹಾಕ್ಕೊಂಡು ಬರ್ತಾನೆ ಗೌಡ್ರೇ, ನಾವೇ ಸಾರ್ ಅನ್ನಬೇಕು,” ಎಂದರು ಷಬ್ಬೀರ್.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಚೀಟಿಯಲ್ಲಿದ್ದಂತೆ ನಡೆಯಿತು. ಭಾನುವಾರಕ್ಕೆ ಎರಡು ಹಣ್ಣು, ಎಂಟು ಹೋಳು. ಪಿಳ್ಳಪ್ಪ ಒಂದೊಂದೇ ಹೋಳನ್ನು ಕೈಯಿಂದ ಕೊಡುತ್ತಿದ್ದರಂತೆ. ಮಾರ್ಚ್ ಮಧ್ಯದಲ್ಲಿ ತೂಗಿದಾಗ ಕೆಂಚ ಹತ್ತೊಂಬತ್ತು ಕೆಜಿಗೆ ಇಳಿದಿದ್ದ. ನನಗೆ ಹೆಮ್ಮೆಯಾಗಿತ್ತು. ಬೇರೆ ನಾಯಿಗಳನ್ನು ತಂದವರಿಗೂ ಈ ಕಥೆ ಹೇಳುತ್ತಿದ್ದೆ.

ಬಿಸಿಲು ಏರಿದಂತೆ ಸ್ಟ್ರಾಬೆರಿಯ ಕಾಲ ಮುಗಿಯಿತು. ಆ ಶನಿವಾರ ಫೋನು ಮಾಡಿದವರು ಮಂಜುಳಾ. ಷಬ್ಬೀರ್ ನನ್ನ ಕಿವಿಯ ಹತ್ತಿರ ಹಿಡಿದ ಫೋನಿನಲ್ಲಿ ಬಂದ ಮಾತು ಇದು:

“ಸಾರ್, ಹಣ್ಣು ಬರ್ತಿಲ್ಲ ಈಗ. ಅಂಗಡೀಲಿ ಸ್ಟ್ರಾಬೆರಿ ಜಾಮ್ ಇದೆ, ಫಾರಿನ್‌ದು. ಶುಗರ್ ಇಲ್ಲದ್ದು. ಲೇಬಲ್ ನೋಡಿದೀನಿ, ಸಕ್ಕರೆ ಹಾಕಿಲ್ಲ ಅಂತ ಬರೆದಿದಾರೆ. ಮಾವನಿಗೂ ಆಗುತ್ತೆ. ಕೆಂಚನಿಗೆ ಕೊಡಬಹುದಾ?”

“ಸಕ್ಕರೆ ಇಲ್ಲ ತಾನೆ?”

“ಇಲ್ಲ ಸಾರ್.”

“ಹಾಗಾದ್ರೆ ಸ್ವಲ್ಪ ಕೊಡಿಯಮ್ಮ, ಏನಾಗಲ್ಲ.”

ಷಬ್ಬೀರ್ ಫೋನನ್ನು ಮತ್ತೆ ನನ್ನ ಜೇಬಿಗೆ ಹಾಕಿದರು. ನಾನು ಹಸುವಿನ ಯಜಮಾನನಿಗೆ ಎರಡೂವರೆ ತಿಂಗಳ ಗಬ್ಬ ಎಂದೆ.

ಸಕ್ಕರೆ ಇಲ್ಲದೆ ಜಾಮ್ ಸಿಹಿಯಾಗಿರುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ಕೇಳಬೇಕಿತ್ತು. ಸಕ್ಕರೆ ಕಾಯಿಲೆಯವರ ತಿನಿಸುಗಳಲ್ಲಿ ಹಾಕುವ ಸಿಹಿಗಳಲ್ಲಿ ಕ್ಸೈಲಿಟಾಲ್ ಎಂಬುದೊಂದು. ಮನುಷ್ಯರಿಗೆ ತೊಂದರೆಯಿಲ್ಲ. ನಾಯಿಯ ದೇಹ ಮಾತ್ರ ಅದನ್ನು ನಿಜವಾದ ಸಕ್ಕರೆ ಎಂದು ತಿಳಿದು ಇನ್ಸುಲಿನ್ ಸುರಿಸುತ್ತದೆ. ಅರ್ಧ ಗಂಟೆಯಲ್ಲಿ ರಕ್ತದಲ್ಲಿರುವ ಸಕ್ಕರೆ ತಳ ಕಾಣುತ್ತದೆ. ಹೆಚ್ಚು ತಿಂದಿದ್ದರೆ ಒಂದೆರಡು ದಿನದಲ್ಲಿ ಯಕೃತ್ತು, ಅಂದರೆ ಲಿವರ್, ಕೊಳೆಯತೊಡಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಇದನ್ನೆಲ್ಲ ನಾನು ಒಂದು ವೃತ್ತಿಪತ್ರಿಕೆಯಲ್ಲಿ ಓದಿದ್ದೆ. ಆದರೆ ಅಂಥ ಕೇಸು ಒಂದನ್ನೂ ನೋಡಿರಲಿಲ್ಲ. ಓದಿದ್ದು ಆ ಕೊಟ್ಟಿಗೆಯಲ್ಲಿ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಮಂಜುಳಾ ಫೋನು ಮಾಡಿದರು. “ಸಾರ್, ಕೆಂಚ ತೂರಾಡ್ತಿದಾನೆ. ಎರಡು ಸಲ ವಾಂತಿ ಮಾಡ್ದ. ಬೇಗ ಬನ್ನಿ ಸಾರ್.”

ಷಬ್ಬೀರ್ ಮನೆ ಕ್ಲಿನಿಕ್ಕಿನ ಹಿಂದೆಯೇ ಇತ್ತು. ಇಬ್ಬರೂ ಬೈಕಿನಲ್ಲಿ ಹೊರಟೆವು. ಮೂರೂವರೆಗೆ ಅಲ್ಲಿದ್ದೆವು. ಕೆಂಚ ಸಂಪಿನ ಮುಚ್ಚಳದ ಪಕ್ಕ ಮಗ್ಗುಲಾಗಿ ಬಿದ್ದಿದ್ದ. ನಾಲ್ಕೂ ಕಾಲು ಸೆಟೆದು ನಡುಗುತ್ತಿದ್ದವು. ಪಿಳ್ಳಪ್ಪ ಅಂಗಳದ ಮಧ್ಯೆ ನಿಂತು ಮೇಲಿನ ಅಂತಸ್ತಿನ ಕಡೆ ಕೈ ಮಾಡಿ ಕೂಗಾಡುತ್ತಿದ್ದರು.

“ಯಾರೋ ವಿಷ ಇಕ್ಕವ್ರೆ ಡಾಕ್ಟ್ರೇ! ಬೊಗಳ್ತದೆ ನಿದ್ದೆ ಬರಲ್ಲ ಅಂತಿದ್ರಲ್ಲ, ಅವ್ರೇ ಇಕ್ಕವ್ರೆ! ನಾಳೆನೇ ಖಾಲಿ ಮಾಡುಸ್ತೀನಿ ನನ್ ಮಕ್ಳನ್ನ!”

ಬಾಲ್ಕನಿಯಲ್ಲಿ ಇಬ್ಬರು ಬಾಡಿಗೆಯವರು ಏನೂ ತೋಚದೆ ನಿಂತಿದ್ದರು.

“ಏನು ತಿಂದ?” ಎಂದೆ.

ಮಂಜುಳಾ ಬಾಟ್ಲಿ ತಂದು ಕೈಗೆ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ನಾನು ಸ್ವಲ್ಪ ಎಂದದ್ದನ್ನು ಅವರು ಒಂದು ಚಮಚ ಎಂದುಕೊಂಡು, ಚಪಾತಿಗೆ ಅಷ್ಟೇ ಸವರಿ ಕೆಲಸಕ್ಕೆ ಹೋಗಿದ್ದರು. ಭಾನುವಾರ ಅವರಿಗೆ ಎರಡು ಗಂಟೆಯವರೆಗೆ ಡ್ಯೂಟಿ. ಪಿಳ್ಳಪ್ಪ ಮೊದಲ ತುತ್ತು ನಾಯಿಗಿಟ್ಟು ತಾವೂ ರುಚಿ ನೋಡಿದರು. ಅವರಿಗೆ ಸೇರಲಿಲ್ಲ. ನಾಯಿ ಬಾಯಿ ಚಪ್ಪರಿಸುತ್ತಿತ್ತು. ಡಾಕ್ಟ್ರೇ ಚೀಟಿಯಲ್ಲಿ ಬರೆದುಕೊಟ್ಟಿರುವ ಸ್ಟ್ರಾಬೆರಿ, ಸಕ್ಕರೆಯೂ ಇಲ್ಲ ಎಂದು ಚಮಚದಿಂದ ತೆಗೆತೆಗೆದು ತಟ್ಟೆಗೆ ಹಾಕಿದ್ದರು.

ಕನ್ನಡಕ ಹಾಕಿಕೊಂಡು ಬಾಟ್ಲಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲ ಹೆಸರು ಸ್ಟ್ರಾಬೆರಿ, ಎರಡನೆಯದು ಕ್ಸೈಲಿಟಾಲ್.

“ಶುಗರ್ ನೋಡೋ ಮಿಷನ್ ಇದೆಯಲ್ಲ ನಿಮ್ಮದು, ತನ್ನಿ,” ಎಂದೆ. ಪಿಳ್ಳಪ್ಪ ಬೆಳಿಗ್ಗೆ ಸಂಜೆ ತಮ್ಮ ಬೆರಳು ಚುಚ್ಚಿಕೊಳ್ಳುತ್ತಿದ್ದ ಗ್ಲುಕೋಮೀಟರ್ ಅದು. ಕೆಂಚನ ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಪಟ್ಟಿಗೆ ಮುಟ್ಟಿಸಿದೆ. ಮೂವತ್ತನಾಲ್ಕು. ನಾಯಿಗೆ ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು.

ಫಿಟ್ಸ್ ಬಂದಿರುವ ನಾಯಿಗೆ ವಾಂತಿ ಮಾಡಿಸಲು ಹೋಗಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಷಬ್ಬೀರ್ ಮುಂಗಾಲು ಹಿಡಿದರು. ನರ ಸಿಗಲು ಎರಡು ಸಲ ಚುಚ್ಚಬೇಕಾಯಿತು. ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರನ್ನು ನಿಧಾನವಾಗಿ ಕೊಟ್ಟು, ಆಮೇಲೆ ಡ್ರಿಪ್ ಹಾಕಿದೆ. ಹನ್ನೆರಡು ನಿಮಿಷಕ್ಕೆ ನಡುಕ ನಿಂತಿತು. ಇನ್ನೂ ಹತ್ತು ನಿಮಿಷಕ್ಕೆ ಕೆಂಚ ತಲೆ ಎತ್ತಿ ಪಿಳ್ಳಪ್ಪನವರನ್ನು ನೋಡಿ ಬಾಲವನ್ನು ನೆಲಕ್ಕೆ ಬಡಿದ. ಮತ್ತೆ ಪರೀಕ್ಷಿಸಿದಾಗ ನೂರಹನ್ನೆರಡು.

ಪಿಳ್ಳಪ್ಪ ಅಲ್ಲೇ ಕುಕ್ಕರಿಸಿದರು. ಕಣ್ಣಲ್ಲಿ ನೀರಿತ್ತು. “ಬೆಳಗ್ಗೆ ನಂದು ಇನ್ನೂರಾ ಹತ್ತು, ಇವನ್ದು ಮೂವತ್ನಾಲ್ಕು. ಇಬ್ರೂ ಅಂಚ್ಕೊಂಡಿದ್ರೆ ಸರಿಯೋಗ್ತಿತ್ತು, ಅಲ್ವಾ ಡಾಕ್ಟ್ರೇ?”

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಅವರು ಕೇಳಿದರು, “ಏನಿಂದಾಯ್ತು ಇದು?”

“ಈ ಜಾಮಿನಲ್ಲಿ ಸಕ್ಕರೆ ಬದಲು ಬೇರೆ ಒಂದು ಸಿಹಿ ಹಾಕಿದ್ದಾರೆ. ಅದು ನಾಯಿಗೆ ಆಗೋದಿಲ್ಲ.”

ಪಿಳ್ಳಪ್ಪ ಸೊಸೆಯ ಕಡೆ ತಿರುಗಿದರು. “ನೀನ್ ತಂದಿದ್ದಲ್ವೇನಮ್ಮ?”

ಮಂಜುಳಾ ನನ್ನನ್ನು ನೋಡಿದರು. ಷಬ್ಬೀರ್ ಡ್ರಿಪ್ಪಿನ ಬಾಟ್ಲಿ ಎತ್ತಿ ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಡ್ರಿಪ್ಪಿನ ಹನಿ ಎಣಿಸುತ್ತಿದ್ದೆ.

“ಹೂಂ ಮಾವ, ನಾನೇ ತಂದಿದ್ದು,” ಎಂದರು ಮಂಜುಳಾ.

ಆ ಸಂಜೆ ಆರೂವರೆಯವರೆಗೆ ಅಲ್ಲೇ ಇದ್ದೆ. ಮೂರು ಗಂಟೆಯಲ್ಲಿ “ನನ್ನನ್ನು ಕೇಳಿದ್ದರು, ನಾನೇ ಕೊಡಿ ಅಂದೆ” ಎಂಬ ಎರಡು ಮಾತು ಹೇಳಲು ಸಾಕಷ್ಟು ಅವಕಾಶವಿತ್ತು. ನಾಯಿ ಉಳಿದರೆ ಮಾತು ತಾನಾಗಿ ಮರೆತುಹೋಗುತ್ತದೆ ಎಂದುಕೊಂಡೆ. ವಾಪಸು ಬರುವಾಗ ಬೈಕಿನ ಹಿಂದೆ ಕೂತಿದ್ದ ಷಬ್ಬೀರ್, “ಸಾರ್, ಆಯಮ್ಮ ನಿಮ್ಮನ್ನ ಕೇಳಿದ್ರು,” ಎಂದರು. “ಗೊತ್ತು ಷಬ್ಬೀರ್,” ಎಂದೆ.

ಸೋಮವಾರ ಕೆಂಚ ಎದ್ದು ಓಡಾಡಿದ. ಮೊಸರನ್ನ ಸ್ವಲ್ಪ ತಿಂದ. ಲಿವರ್ ಪರೀಕ್ಷೆಗೆ ರಕ್ತ ತೆಗೆದು ಲ್ಯಾಬಿಗೆ ಕಳಿಸಿ, ಲಿವರ್ ಉಳಿಸುವ ಔಷಧಿಗಳನ್ನು ಶುರು ಮಾಡಿದೆ. ಇನ್ನೂ ಎರಡು ದಿನ ಗಂಡಾಂತರ ಇದೆ ಎಂದು ಪಿಳ್ಳಪ್ಪನವರಿಗೆ ಹೇಳಿದೆ. ಅವರು ನಂಬಲಿಲ್ಲ. “ಬಾಲ ಅಳ್ಳಾಡಿಸ್ತಾವ್ನೆ ನೋಡಿ,” ಎಂದರು.

ಅವತ್ತೇ ಇನ್ನೊಂದು ಸಂಗತಿ ತಿಳಿಯಿತು. ಪಿಳ್ಳಪ್ಪ ಭಾನುವಾರ ಸಂಜೆಯಿಂದ ಸೊಸೆ ಬಡಿಸಿದ್ದನ್ನು ಮುಟ್ಟಿರಲಿಲ್ಲ. ಜಗಳವಾಡಿರಲಿಲ್ಲ, ಬೈದಿರಲಿಲ್ಲ. ರಿಂಗ್ ರೋಡಿನ ಆಚೆ ದರ್ಶಿನಿಗೆ ಹೋಗಿ ಇಡ್ಲಿ ತಿಂದು ಬರುತ್ತಿದ್ದರು. ಬಾಗಿಲಲ್ಲಿ ನಾನು ಚಪ್ಪಲಿ ಹಾಕಿಕೊಳ್ಳುವಾಗ ಮಂಜುಳಾ ತಗ್ಗಿದ ದನಿಯಲ್ಲಿ ಕೇಳಿದರು: “ಸಾರ್, ಮಾವ ಮಾತ್ರೆ ತಗೊಂಡು ಟೈಮಿಗೆ ತಿಂತಿಲ್ಲ. ನೀವು ಹೇಳಿದ್ರೆ ಕೇಳ್ತಾರೆ. ಒಂದು ಮಾತು ಹೇಳಿ.”

ಅವರು ಕೇಳಿದ್ದು ಊಟದ ಬಗ್ಗೆ. ನಾನು ಪಿಳ್ಳಪ್ಪನವರಿಗೆ ಊಟದ ಬಗ್ಗೆ ಮಾತ್ರವೇ ಹೇಳಿದೆ.

ಮಂಗಳವಾರ ಬೆಳಿಗ್ಗೆ ಲ್ಯಾಬಿನ ಕಾಗದ ಬಂತು. ಲಿವರ್ ಹಾಳಾದಾಗ ರಕ್ತಕ್ಕೆ ಸೋರುವ ಒಂದು ಕಿಣ್ವವನ್ನು ಅಳೆಯುತ್ತಾರೆ. ನೂರರೊಳಗೆ ಇರಬೇಕಾದದ್ದು ಎರಡು ಸಾವಿರ ದಾಟಿತ್ತು. ಹೋಗಿ ನೋಡಿದರೆ ಕೆಂಚನ ಒಸಡು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಭಾನುವಾರ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಒಸರುತ್ತಿತ್ತು. ನನ್ನ ಗುರುಗಳೊಬ್ಬರಿಗೆ ಫೋನು ಮಾಡಿದೆ. ಬೇರೆ ನಾಯಿಯ ರಕ್ತದಿಂದ ಪ್ಲಾಸ್ಮಾ ತೆಗೆದು ಕೊಟ್ಟರೆ ಒಂದು ಪ್ರಯತ್ನ, ಆದರೆ ಈ ಹಂತದಲ್ಲಿ ಭರವಸೆ ಕೊಡಲಾರೆ ಎಂದರು. ನಗರದ ದೊಡ್ಡ ಆಸ್ಪತ್ರೆಗೆ ಒಯ್ಯೋಣ ಎಂದೆ. ಪಿಳ್ಳಪ್ಪ ನಾಯಿಯ ತಲೆಯ ಮೇಲೆ ಕೈಯಿಟ್ಟರು.

“ಉಳೀತಾನೆ ಅಂತ ಏಳಿ, ಈಗ್ಲೇ ಒತ್ಕೊಂಡೋಗ್ತೀನಿ.”

ನಾನು ಕೆಂಚನ ತುಟಿ ಎತ್ತಿ ಒಸಡನ್ನು ಮತ್ತೊಮ್ಮೆ ನೋಡಿದೆ.

“ಅಂಗಾದ್ರೆ ಇಲ್ಲೇ ಇರ್ಲಿ. ಗೊತ್ತಿರೋ ಜಾಗ.”

ನೋವು ಕಡಿಮೆಯಾಗುವ ಔಷಧಿ ಕೊಟ್ಟು, ವಿಟಮಿನ್ ಕೆ ಕೊಟ್ಟು, ಡ್ರಿಪ್ ಮುಂದುವರಿಸಿದೆ. ಕೈಲಾದದ್ದು ಅಷ್ಟೇ.

ಏಪ್ರಿಲ್ ಮೂರು, ಬುಧವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಕೆಂಚ ಸತ್ತ. ಅಂಗಳದ ಗೋಣಿಚೀಲದ ಮೇಲೆ ಮಲಗಿದ್ದ. ನಾನು ಅವನ ಬೆನ್ನಿನ ಕಡೆ ಮೊಣಕಾಲೂರಿ ಕೂತು ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದೆ. ಪಿಳ್ಳಪ್ಪ ಮುಖದ ಕಡೆ ಇದ್ದರು. ಷಬ್ಬೀರ್ ನನ್ನ ಬಲಕ್ಕೆ. ಮಂಜುಳಾ ಬಾಗಿಲ ಹೊಸ್ತಿಲಲ್ಲಿ, ಡ್ಯೂಟಿಗೆ ಹೊರಡುವ ನೀಲಿ ಯೂನಿಫಾರ್ಮಿನಲ್ಲಿ ನಿಂತಿದ್ದರು.

ಎದೆಬಡಿತ ನಿಂತಿತು ಎಂದು ಹೇಳಿದೆ. ಪಿಳ್ಳಪ್ಪ ನಾಯಿಯ ಎರಡೂ ಕಿವಿಯನ್ನು ಮಡಿಸಿ ಸರಿಮಾಡಿದರು. ಆಮೇಲೆ ತಲೆ ಎತ್ತದೆ, ಜೋರಿಲ್ಲದ ದನಿಯಲ್ಲಿ ಹೇಳಿದರು: “ಸ್ವಾಮಿ ವಾಹನಕ್ಕೆ ವಿಷ ಇಕ್ಕುಸ್ಬಿಟ್ಯಲ್ಲಮ್ಮ ನನ್ ಕೈಲಿ.”

ಮಂಜುಳಾ ನನ್ನ ಕಡೆ ನೋಡಿದರು. ಹೊಸ್ತಿಲಿಂದ ಕದಲಲಿಲ್ಲ.

ಆಗ ಹೇಳಿದೆ. “ಅವರದ್ದು ತಪ್ಪಿಲ್ಲ ಪಿಳ್ಳಪ್ಪನೋರೇ. ಶನಿವಾರ ನನಗೆ ಫೋನು ಮಾಡಿ ಕೇಳಿದ್ರು. ಕೊಡಿ ಅಂತ ಹೇಳಿದವನು ನಾನು.”

ಅವರು ನನ್ನನ್ನು ನೋಡಿದರು. ಆಮೇಲೆ ಸೊಸೆಯನ್ನು.

“ಕೇಳಿದ್ಯಾ?”

“ಕೇಳಿದ್ದೆ ಮಾವ.”

“ಮತ್ತೆ ಮೂರ್ ದಿವ್ಸದಿಂದ ಯಾಕ್ ಬಾಯ್ಬಿಡ್ಲಿಲ್ಲ?”

“ಡಾಕ್ಟ್ರು ಹೇಳ್ತಾರೆ ಅಂತ ಕಾಯ್ತಿದ್ದೆ.”

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಬೈಗುಳ ತಿಂದಿದ್ದೇನೆ. ಹಸು ಸತ್ತಾಗ ಒಬ್ಬರು ನನ್ನ ಕೊರಳಪಟ್ಟಿ ಹಿಡಿದಿದ್ದರು. ಅವು ಯಾವುವೂ ಈ ನಾಲ್ಕು ಪದಗಳಂತೆ ಉಳಿದಿಲ್ಲ.

ಪಿಳ್ಳಪ್ಪ ನನಗೆ ಹೇಳಿದ್ದು ಇಷ್ಟೇ. “ತಪ್ಪು ಯಾರ್ ಕೈಲಾದ್ರೂ ಆಯ್ತದೆ ಡಾಕ್ಟ್ರೇ. ಆ ಎಣ್ಮಗು ಕೈಯೂಟಾನ ನಾನು ಮೂರ್ ದಿವ್ಸ ಮುಟ್ನಿಲ್ಲ. ಅದುನ್ನ ಎಂಗ್ ವಾಪಸ್ ಕೊಡ್ತೀರಿ?” ಅವರು ಎದ್ದು ಕೈತೊಳೆದು, ಸೊಸೆಯ ಮುಂದೆ ಹೋಗಿ ನಿಂತರು. “ಒಟ್ಟೆ ಅಸಿತದೆ ಕಣಮ್ಮ. ಏನೈತೋ ಇಕ್ಕು,” ಎಂದರು. ರಾತ್ರಿಯ ಮುದ್ದೆ ಇತ್ತು. ಅವರು ತಟ್ಟೆ ಹಿಡಿದುಕೊಂಡು ಮೊದಲ ತುತ್ತು ಮುರಿದು, ಎಲ್ಲಿ ಇಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡರು. ಕೊನೆಗೆ ತಾವೇ ತಿಂದರು.

ಕೆಂಚನನ್ನು ಮನೆಯ ಹಿಂದೆ ಕಾಂಪೌಂಡಿನ ಒಳಗೆ ಉಳಿದಿದ್ದ ಆರಡಿ ಅಗಲದ ಮಣ್ಣಿನಲ್ಲಿ ಹೂತೆವು. ಗುಂಡಿಯನ್ನು ನಾನೂ ಷಬ್ಬೀರೂ ತೋಡಿದೆವು.

ಆಮೇಲೆ ನನ್ನ ಕೆಲಸದಲ್ಲಿ ಬದಲಾದದ್ದನ್ನು ಹೇಳಬೇಕು. ಹಸುವಿನಲ್ಲಿ ಕೈ ಇರುವಾಗ ಫೋನಿಗೆ ಉತ್ತರ ಕೊಡುವುದನ್ನು ಬಿಟ್ಟೆ. ಯಾರಾದರೂ ನಾಯಿಗೆ ಇದನ್ನು ಕೊಡಬಹುದೇ ಎಂದು ಕೇಳಿದರೆ, ಅದು ಗಿಡದಿಂದ ಬಂದದ್ದೇ, ಬಾಟ್ಲಿಯಿಂದ ಬಂದದ್ದೇ ಎಂದು ಮೊದಲು ಕೇಳುತ್ತಿದ್ದೆ. ಬಾಟ್ಲಿಯದಾದರೆ ತಂದು ತೋರಿಸಿ ಎನ್ನುತ್ತಿದ್ದೆ. ಸ್ಟ್ರಾಬೆರಿ ಬೇಡ ಎಂದು ಯಾರಿಗೂ ಹೇಳಿಲ್ಲ. ತೊಳೆದು, ತೊಟ್ಟು ತೆಗೆದು, ಹೋಳು ಮಾಡಿ, ಎರಡೇ ಎರಡು ಕೊಡಿ. ಜಾಮ್, ಸಿರಪ್, ಐಸ್‌ಕ್ರೀಮ್, ಸಕ್ಕರೆ ಇಲ್ಲದ ಯಾವ ಸಿಹಿಯೂ ಬೇಡ. ಇಷ್ಟನ್ನು ಯಾವ ಪಶುವೈದ್ಯನಾದರೂ ಹೇಳಬಲ್ಲ. ಕೆಲಸ ನನಗೆ ಕಲಿಸಿದ್ದು ಬೇರೆ. ತಪ್ಪಾದ ಗಳಿಗೆಯಲ್ಲೇ ನನ್ನದು ಎಂದು ಹೇಳದೆ ಹೋದರೆ, ಆ ತಪ್ಪು ಯಾರದೂ ಅಲ್ಲದೆ ಉಳಿಯುವುದಿಲ್ಲ. ಹತ್ತಿರದಲ್ಲಿ ಸುಮ್ಮನೆ ನಿಂತಿರುವವರ ಹೆಗಲಿಗೆ ಏರುತ್ತದೆ.

ಪಿಳ್ಳಪ್ಪನವರು 2017ರಲ್ಲಿ ತೀರಿಕೊಂಡರು. ಬಾಲ್ಕನಿಯಲ್ಲಿದ್ದ ಬಾಡಿಗೆಯವರು ಈಗೆಲ್ಲಿದ್ದಾರೋ ಗೊತ್ತಿಲ್ಲ. ಷಬ್ಬೀರ್ ಹೊಸಕೋಟೆ ಕಡೆ ಪಶು ಆಹಾರದ ಅಂಗಡಿ ಇಟ್ಟಿದ್ದಾರೆ. ಮಂಜುಳಾ ಅದೇ ಮನೆಯಲ್ಲಿದ್ದಾರೆ. ಇದನ್ನು ಬರೆದ ಮೇಲೆ ಇಬ್ಬರನ್ನೂ ಕೂರಿಸಿ ಓದಿದೆ. ಷಬ್ಬೀರ್ ಎಲ್ಲ ಸರಿಯಾಗಿದೆ ಎಂದರು. ಮಂಜುಳಾ ಮಾತ್ರ ಒಂದು ವಿಷಯ ಬಿಟ್ಟುಹೋಗಿದೆ ಎಂದರು. ಭಾನುವಾರ ಸಂಜೆ ನಾನು ಡ್ರಿಪ್ ಬದಲಿಸುವಾಗ ಅವರು ನೀರಿನ ಟ್ಯಾಂಕಿನ ಹಿಂದೆ ಹೋಗಿ ಅತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. ಷಬ್ಬೀರ್ ತಲೆಯಾಡಿಸಿ, “ನಾನು ನೋಡಿದ್ದೆ ಸಾರ್,” ಎಂದರು.